ಬಣ್ಣ ಕಳೆದುಕೊಂಡ ಕೃತ್ತಿಕೆ, ಒರೆಸಿದಷ್ಟೂ ಹೆಚ್ಚಾದ ಕಲೆ: ಒಂದು ಪ್ರಕರಣ ಅಧ್ಯಯನ

ಉಡುಪಿ ಕಡೆಯ ಒಬ್ಬ ಹವ್ಯಾಸಿ ಆಕಾಶ ಛಾಯಾಗ್ರಾಹಕರಿಗೆ ಅವರ ಕ್ಯಾಮೆರಾ ಇಡೀ ಚಳಿಗಾಲ ಕೊಟ್ಟ ಕಾಟದ ವಿವರ ಇದು. ಅವರನ್ನು ಇಲ್ಲಿ ಮಾಸ್ಟ್ರು ಎಂದಷ್ಟೇ ಕರೆಯುತ್ತೇನೆ. ಗುರುತು ಹತ್ತುವ ಸಂಗತಿಗಳನ್ನೆಲ್ಲ ಬದಲಿಸಿದ್ದೇನೆ. ಉಪಕರಣ, ಅಳತೆ, ಒಂದರ ಹಿಂದೆ ಒಂದು ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದ ಹಾಗೇ ಇವೆ. ನಮ್ಮದು ಒಬ್ಬರ ರಾ ಫೈಲನ್ನು (ಕ್ಯಾಮೆರಾ ಕೊಟ್ಟ, ತಿದ್ದದ ಮೂಲ ಚಿತ್ರ) ಇನ್ನೊಬ್ಬರು ತೆರೆದು ನೋಡಿ ತಕರಾರು ತೆಗೆಯುವ ನಾಲ್ಕಾರು ಜನರ ಗುಂಪು. ಪ್ರಕರಣ ನಮ್ಮ ಕೈಗೆ ಬರುವಷ್ಟರಲ್ಲಿ ಮಾಸ್ಟ್ರು ಅರ್ಧ ದಾರಿ ನಡೆದಾಗಿತ್ತು, ಅದೂ ತಪ್ಪು ದಿಕ್ಕಿಗೆ.

ಹಿನ್ನೆಲೆ

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಕರಾವಳಿಯಲ್ಲಿ ಹಲವರಿಗೆ ಆಕಾಶದ ಹುಚ್ಚು ಹಿಡಿಸಿತು. ಕಾಸರಗೋಡು–ಮಂಗಳೂರು ಕಡೆ ಉಂಗುರ ಕಂಡಿತು. ಉಡುಪಿಯಲ್ಲಿ ಉಂಗುರ ಕೂಡದಿದ್ದರೂ ಸೂರ್ಯ ತೆಳ್ಳಗಿನ ಕುಡುಗೋಲಾದ. ಮಾಸ್ಟ್ರು ದೂರದರ್ಶಕ ಕೊಂಡದ್ದು ಆ ಗುಂಗಿನಲ್ಲಿ. ಮೊದಲು ಚಂದ್ರ, ಆಮೇಲೆ ಗುರು–ಶನಿ, ಕೊನೆಗೆ ಎಲ್ಲರೂ ಬಂದು ನಿಲ್ಲುವ ಜಾಗಕ್ಕೇ ಬಂದರು: ನೀಹಾರಿಕೆ, ನಕ್ಷತ್ರಗುಚ್ಛ, ಗೆಲಾಕ್ಸಿ.

ಅವರ ಹತ್ತಿರ ಇದ್ದದ್ದು 80 ಮಿಲಿಮೀಟರ್ ವ್ಯಾಸದ, 480 ಮಿಲಿಮೀಟರ್ ನಾಭಿದೂರದ ಇಡಿ ಗಾಜಿನ (ಬಣ್ಣಗಳು ಚದುರುವುದನ್ನು ತಗ್ಗಿಸುವ ಗಾಜು) ಡಬ್ಲೆಟ್, ಎಂದರೆ ಎರಡು ಮಸೂರದ ದೂರದರ್ಶಕ. ನಾಭಿದೂರವನ್ನು ವ್ಯಾಸದಿಂದ ಭಾಗಿಸಿದರೆ ಬರುವ ಎಫ್ ಸಂಖ್ಯೆ ಆರು, ಅಂದರೆ ಎಫ್/6. ಅದರ ಹಿಂದೆ ಫೀಲ್ಡ್ ಫ್ಲಾಟ್ನರ್ (ಮೂಲೆಯ ನಕ್ಷತ್ರಗಳನ್ನೂ ಚೊಕ್ಕವಾಗಿಸುವ ಮಸೂರ), ಅದರ ಹಿಂದೆ 18 ಮೆಗಾಪಿಕ್ಸೆಲ್‌ನ ಕ್ಯಾನನ್ ಡಿಎಸ್‌ಎಲ್‌ಆರ್. ಇಷ್ಟೂ ಆಕಾಶದ ಚಲನೆಗೆ ತಕ್ಕಂತೆ ತಿರುಗುವ ಒಂದು ಈಕ್ವಟೋರಿಯಲ್ ಮೌಂಟ್ ಮೇಲೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್. ಮಾರಿದವರು ‘ಆಸ್ಟ್ರೋ ಮಾಡಿಫೈಡ್’ ಎಂದಿದ್ದರು. ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ಹೈಡ್ರೋಜನ್ ಆಲ್ಫಾದ 656.3 ನ್ಯಾನೋಮೀಟರ್ ಕೆಂಪು ಬೆಳಕನ್ನು ಬಹುಪಾಲು ತಡೆಯುತ್ತದೆ. ಅದನ್ನು ತೆಗೆಸಿದರೆ ನೀಹಾರಿಕೆಗಳು ಕೆಂಪಗೆ ಬರುತ್ತವೆ. ಮಾಸ್ಟ್ರು ಕೊಂಡದ್ದೂ ಅದಕ್ಕೇ.

ಉಡುಪಿ–ಮಣಿಪಾಲದ ಬೆಳಕಿನಲ್ಲಿ ಇಂಥ ಕೆಲಸ ಆಗುವುದಿಲ್ಲ. ಅವರು ಹೆಬ್ರಿ ಕಡೆ ಘಟ್ಟದ ಬುಡದಲ್ಲಿರುವ ಸಂಬಂಧಿಕರ ಮನೆಯ ಅಂಗಳಕ್ಕೆ ಹೋಗುತ್ತಿದ್ದರು. ಸುತ್ತ ಅಡಿಕೆ, ತೆಂಗು. ನಮ್ಮ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುವುದರಿಂದ ಅದು ಅಡಿಕೆ ಸೋಗೆಯ ಹಿಂದೆಯೇ ಇರುತ್ತದೆ. ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವ ಪೋಲಾರ್ ಅಲೈನ್‌ಮೆಂಟ್ ಒಂದು ಬೇರೆಯೇ ರಾಮಾಯಣ. ಈ ಪ್ರಕರಣಕ್ಕೆ ಹೆಚ್ಚು ಮುಖ್ಯವಾದದ್ದು ಇಬ್ಬನಿ. ಡಿಸೆಂಬರ್–ಜನವರಿಯಲ್ಲಿ ನಡುರಾತ್ರಿ ದಾಟಿತೆಂದರೆ ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ. ಕ್ಯಾಮೆರಾ ಬಿಚ್ಚುವಾಗ ಎಲ್ಲಿ ಕೈ ಇಟ್ಟರೂ ಒದ್ದೆ.

ಎರಡು ದೂರು

ಕೃತ್ತಿಕೆ ನಕ್ಷತ್ರಗುಚ್ಛದ ಮೊದಲ ದೊಡ್ಡ ಚಿತ್ರ ಬಂದಾಗ ಮಾಸ್ಟ್ರ ದೂರು ಎರಡು ಇದ್ದವು.

ಮೊದಲನೆಯದು ಬಣ್ಣ. ಕೃತ್ತಿಕೆಯ ಪ್ರಖರ ನಕ್ಷತ್ರಗಳು ಬಿ ವರ್ಗದ ಬಿಸಿ ನಕ್ಷತ್ರಗಳು. ಚಿತ್ರದಲ್ಲಿ ನೀಲಿಯಾಗಿ ಬರಬೇಕು. ಇಲ್ಲಿ ನಡುವೆ ಅಚ್ಚ ಬಿಳಿ, ಸುತ್ತ ಮಾಸಲು ಗುಲಾಬಿ ಬಣ್ಣದ ದಪ್ಪ ಉಂಗುರ. ಹಿನ್ನೆಲೆಯ ಚಿಕ್ಕ ನಕ್ಷತ್ರಗಳಲ್ಲಿ ಕಿತ್ತಳೆ, ಹಳದಿ ಯಾವುದೂ ಇಲ್ಲ, ಎಲ್ಲವೂ ಬೂದಿ ಬಳಿದ ಹಾಗೆ. ರೋಹಿಣಿ ಸುಮಾರು 3900 ಕೆಲ್ವಿನ್‌ನ ಕಿತ್ತಳೆ ದೈತ್ಯ, ಬರಿಗಣ್ಣಿಗೇ ಬಣ್ಣ ತೋರುವಂಥದ್ದು. ಬೇರೆ ಫ್ರೇಮಿನಲ್ಲಿ ತೆಗೆದಾಗ ಅದು ಕೂಡ ಊದಿಕೊಂಡ ಬಿಳಿ ಉಂಡೆಯಾಗಿ ಬಂದಿತ್ತು.

ಎರಡನೆಯದು ಕಲೆ. ಚಿತ್ರವನ್ನು ಸ್ಟ್ರೆಚ್ ಮಾಡಿದ (ಮಸುಕಾದದ್ದು ಕಾಣುವಂತೆ ಹೊಳಪು ಏರಿಸಿದ) ಕೂಡಲೇ ಹಿನ್ನೆಲೆಯ ತುಂಬ ದುಂಡನೆಯ ಮಚ್ಚೆಗಳು ಏಳುತ್ತಿದ್ದವು. ಮೊದಲು ಕಪ್ಪು. ಫ್ಲಾಟ್ ಫ್ರೇಮ್ (ಕಲೆ, ಮಬ್ಬು ತಿದ್ದಲು ಸಮನಾದ ಬೆಳಕಿಗೆ ಹಿಡಿದು ತೆಗೆದ ಚಿತ್ರ) ಸೇರಿಸಿದ ಮೇಲೆ ಅದೇ ಜಾಗದಲ್ಲಿ ಬೆಳ್ಳಗೆ.

ಅವರು ಎರಡಕ್ಕೂ ಒಂದೇ ಕಾರಣ ಹಿಡಿದರು: ಸೆನ್ಸರ್ ಕೊಳೆಯಾಗಿದೆ. ಅನುಮಾನ ಪೂರ್ತಿ ಅಸಂಬದ್ಧ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿ ಕೂತ ಕ್ಯಾಮೆರಾ ಅದು, ಇಲ್ಲಿನ ಮಳೆಗಾಲಕ್ಕೆ ಲೆನ್ಸಿನಲ್ಲಿ ಫಂಗಸ್ ಬರುವುದು ದೊಡ್ಡ ಸಂಗತಿಯೇ ಅಲ್ಲ. ಆದರೆ ಕೊಳೆ ಬೆಳಕನ್ನು ತಡೆದೀತು, ಅಷ್ಟೇ. ಬಿಸಿ ನೀಲಿ ನಕ್ಷತ್ರದ ಸುತ್ತ ಗುಲಾಬಿ ಉಂಗುರ ಬರೆಯುವ ಶಕ್ತಿ ದೂಳಿಗೆ ಇಲ್ಲ. ಇಲ್ಲಿಯೇ ಎರಡನ್ನೂ ಬೇರೆ ಮಾಡಿದ್ದರೆ ಮುಂದಿನ ಬಹಳಷ್ಟು ಕೆಲಸ ಉಳಿಯುತ್ತಿತ್ತು.

ಒರೆಸುವ ಪರ್ವ

ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿದರು. ಅದು ಸರಿಯೇ: ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನ ಕ್ಲೀನಿಂಗ್ ಆಯ್ಕೆಯಲ್ಲಿ ಕನ್ನಡಿ ಎತ್ತಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಊದುವುದು. ಕೆಲವು ಮಚ್ಚೆ ಹೋದವು, ಕೆಲವು ಬೇರೆ ಕಡೆ ಕೂತವು. ಆಮೇಲೆ ಸ್ವಾಬ್ ಮತ್ತು ದ್ರಾವಣ ತರಿಸಿ ಒರೆಸಿದರು. ಮಚ್ಚೆಗಳು ಕಡಿಮೆಯಾದವು, ಆದರೆ ಸ್ವಾಬ್ ನಿಂತ ಅಂಚಿನಲ್ಲಿ ದ್ರಾವಣ ಒಣಗಿ ಉದ್ದ ಗೆರೆ ಬಂತು. ಗೆರೆ ತೆಗೆಯಲು ಮತ್ತೆ ಒರೆಸಿದರು. ನಮ್ಮ ಗುಂಪಿಗೆ ಮೊದಲ ಸಲ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: “ಇದು ಎಂತ ಮಾರಾಯ್ರೆ, ಒರೆಸಿದಷ್ಟೂ ಜಾಸ್ತಿ ಆಗ್ತಾ ಉಂಟು!”

ನಡುವೆ ಒಂದು ರಿಪೇರಿ ಅಂಗಡಿಗೂ ಹೋಗಿ ಬಂದಿದ್ದರು. ಅಲ್ಲಿ ಐದು ನಿಮಿಷ ನೋಡಿ “ಸೆನ್ಸರ್ ಹೋಗಿದೆ, ಬದಲಿಸಬೇಕು” ಎಂದರಂತೆ. ಕ್ಯಾಮೆರಾ ಕೊಂಡ ಬೆಲೆಗಿಂತ ಅದರ ಖರ್ಚು ಹೆಚ್ಚು. ಮಾಸ್ಟ್ರು ಒಪ್ಪದೆ ವಾಪಸ್ ತಂದದ್ದು ಈ ಪ್ರಕರಣದ ಮೊದಲ ಒಳ್ಳೆಯ ತೀರ್ಮಾನ. ಅದು ತಿಳಿದು ಮಾಡಿದ್ದಲ್ಲ, ದುಡ್ಡಿನ ಲೆಕ್ಕದಿಂದ ಆದದ್ದು. ಆದರೂ ಒಳ್ಳೆಯದೇ ಆಯಿತು.

ನಾವು ಹಾಕಿದ ಷರತ್ತು ಒಂದೇ: ಇನ್ನು ಸೆನ್ಸರ್ ಮುಟ್ಟಬಾರದು. ಕಲೆ ಎಲ್ಲಿ ಕೂತಿದೆ ಎಂದು ತಿಳಿಯದೆ ಒರೆಸುವುದು ಕತ್ತಲಲ್ಲಿ ಕಡ್ಡಿ ಆಡಿಸಿದ ಹಾಗೆ.

ಕಲೆ ಎಲ್ಲಿದೆ?

ಮಾಸ್ಟ್ರಿಗೆ ಲ್ಯಾಪ್‌ಟಾಪಿನ ಕೆಲಸ ಮಾಡಿಕೊಡುತ್ತಿದ್ದದ್ದು ಅವರ ಸೋದರಳಿಯ, ಎಂಜಿನಿಯರಿಂಗ್ ಓದುವ ಹುಡುಗ. ಅವನಿಗೆ ಎರಡು ಕೆಲಸ ಕೊಟ್ಟೆವು.

ಒಂದು, ಕ್ಯಾಮೆರಾವನ್ನು ದೂರದರ್ಶಕದಲ್ಲೇ ಇಟ್ಟು ಒಂದು ಫ್ಲಾಟ್ ತೆಗೆ. ಆಮೇಲೆ ಕ್ಯಾಮೆರಾ ಮಾತ್ರ 90 ಡಿಗ್ರಿ ತಿರುಗಿಸಿ ಇನ್ನೊಂದು ತೆಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ಕ್ಯಾಮೆರಾದೊಳಗಿನ ಕಲೆ ಚಿತ್ರದಲ್ಲಿ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಸೆನ್ಸರ್ ಜೊತೆಗೇ ತಿರುಗುತ್ತದೆ. ದೂರದರ್ಶಕದ ಕಡೆಯ ಕಲೆ ಮಾತ್ರ ಜಾಗ ಬದಲಿಸುತ್ತದೆ.

ಎರಡು, ಕಲೆಯ ವ್ಯಾಸವನ್ನು ಪಿಕ್ಸೆಲ್ ಲೆಕ್ಕದಲ್ಲಿ ಅಳೆ. ದೂಳಿನ ಕಣ ಸೆನ್ಸರಿನಿಂದ ದೂರ ಇದ್ದಷ್ಟೂ ಅದರ ನೆರಳು ಹಿಗ್ಗಿ ಮಸುಕಾಗುತ್ತದೆ. ಲೆಕ್ಕ ಸುಲಭ: ನೆರಳಿನ ವ್ಯಾಸವನ್ನು ಎಫ್ ಸಂಖ್ಯೆಯಿಂದ ಗುಣಿಸಿದರೆ ಕಣ ಸೆನ್ಸರಿನಿಂದ ಸುಮಾರು ಎಷ್ಟು ದೂರ ಇದೆ ಎಂದು ಬರುತ್ತದೆ.

ಚಿಕ್ಕ, ಅಂಚು ಚೊಕ್ಕವಾಗಿರುವ ಮಚ್ಚೆಗಳು ಸುಮಾರು 65 ಪಿಕ್ಸೆಲ್ ಅಗಲ ಇದ್ದವು. ಈ ಕ್ಯಾಮೆರಾದ ಒಂದು ಪಿಕ್ಸೆಲ್ 4.3 ಮೈಕ್ರಾನ್. ಹಾಗಾಗಿ ನೆರಳು 0.28 ಮಿಲಿಮೀಟರ್, ಆರರಿಂದ ಗುಣಿಸಿದರೆ 1.7 ಮಿಲಿಮೀಟರ್ ದೂರ. ಅಂದರೆ ಸೆನ್ಸರ್ ಮುಂದಿನ ಗಾಜಿನ ಮೇಲೆ. ಕ್ಯಾಮೆರಾ ತಿರುಗಿಸಿದಾಗಲೂ ಇವು ಕದಲಲಿಲ್ಲ. ಲೆಕ್ಕ ಕೂಡಿತು.

ಆದರೆ ಹುಡುಗನ ಕಣ್ಣಿಗೆ ಇನ್ನೊಂದು ಬಿತ್ತು. ಚಿತ್ರದ ಎಡಭಾಗದಲ್ಲಿ ತೀರಾ ಮಸುಕಾದ, ಸುಮಾರು 2100 ಪಿಕ್ಸೆಲ್ ಅಗಲದ ಒಂದು ಕರೆ. ಅಷ್ಟು ದೊಡ್ಡದನ್ನು ಮಾಸ್ಟ್ರು ಕಲೆ ಎಂದೇ ಎಣಿಸಿರಲಿಲ್ಲ, ಬೆಳಕಿನ ಮಾಲಿನ್ಯದ ಏರಿಳಿತ ಎಂದುಕೊಂಡಿದ್ದರು. ಕ್ಯಾಮೆರಾ ತಿರುಗಿಸಿದಾಗ ಅದು ಚಿತ್ರದ ಬೇರೆ ಅಂಚಿಗೆ ಸರಿಯಿತು. 2100 ಪಿಕ್ಸೆಲ್ ಅಂದರೆ 9 ಮಿಲಿಮೀಟರ್, ಆರರಿಂದ ಗುಣಿಸಿದರೆ 54 ಮಿಲಿಮೀಟರ್. ಫ್ಲಾಟ್ನರ್‌ನಿಂದ ಸೆನ್ಸರಿಗೆ ಇಡಬೇಕಾದ ಅಂತರ 55 ಮಿಲಿಮೀಟರ್: ಕ್ಯಾನನ್ ಬಾಡಿಯ 44, ಅಡಾಪ್ಟರಿನ 11. ಟಾರ್ಚ್ ಓರೆಯಾಗಿ ಹಿಡಿದು ಫ್ಲಾಟ್ನರ್‌ನ ಹಿಂದಿನ ಗಾಜು ನೋಡಿದರೆ ಇಬ್ಬನಿಯ ಹನಿ ಒಣಗಿ ಉಳಿದ ಬಿಳಿ ಗುರುತು ಅಲ್ಲಿತ್ತು. ಅಷ್ಟು ದಿನ ಮಾಸ್ಟ್ರು ಒರೆಸಿದ್ದು ಸೆನ್ಸರನ್ನು, ಗುರುತು ಕೂತಿದ್ದು ಐದೂವರೆ ಸೆಂಟಿಮೀಟರ್ ಆಚೆ.

ಬೆಳ್ಳಗಾದ ಮಚ್ಚೆಗಳ ಲೆಕ್ಕ

ಸೆನ್ಸರ್ ಮೇಲೆ ದೂಳು ಇದ್ದದ್ದು ನಿಜ. ಆದರೆ ಫ್ಲಾಟ್ ಫ್ರೇಮ್ ಇರುವುದೇ ಅದಕ್ಕೆ. ಮಚ್ಚೆ ಬೆಳಕಿನ ನೂರರಲ್ಲಿ ಐದು ಪಾಲು ತಡೆದರೆ ಫ್ಲಾಟಿನಲ್ಲೂ ಅಲ್ಲಿ ಐದು ಪಾಲು ಕಡಿಮೆ ಇರುತ್ತದೆ, ಚಿತ್ರವನ್ನು ಫ್ಲಾಟಿನಿಂದ ಭಾಗಿಸಿದರೆ ಸರಿಹೋಗಬೇಕು. ಹಾಗಾದರೆ ಬೆಳ್ಳಗೆ ಆದದ್ದು ಏಕೆ?

ಫ್ಲಾಟಿನ ನಂತರ ಉಳಿಯುವ ಗುರುತು ಎರಡು ಬಗೆಯದು. ಫ್ರೇಮ್ ತೆಗೆದ ಮೇಲೆ ದೂಳು ಸರಿದಿದ್ದರೆ ಒಂದು ಕಪ್ಪು, ಅದರ ಪಕ್ಕದಲ್ಲೋ ದೂರದಲ್ಲೋ ಒಂದು ಬಿಳಿ, ಹೀಗೆ ಜೋಡಿ ಕಾಣುತ್ತದೆ. ಇಲ್ಲಿ ಜೋಡಿಗಳಿರಲಿಲ್ಲ. ಎಲ್ಲ ಮಚ್ಚೆಗಳೂ ತಮ್ಮ ತಮ್ಮ ಜಾಗದಲ್ಲೇ ಬೆಳಗಿದ್ದವು, ಜೊತೆಗೆ ಚಿತ್ರದ ನಾಲ್ಕು ಮೂಲೆಗಳೂ ನಡುವಿಗಿಂತ ಬೆಳ್ಳಗಿದ್ದವು. ಇದು ದೂಳಿನ ಚಲನೆ ಅಲ್ಲ, ತಿದ್ದುಪಡಿ ಅತಿಯಾದದ್ದು.

ಕಾರಣ ಸಿಕ್ಕಿದ್ದು ಸಂಸ್ಕರಣೆಯ ಕ್ರಮದಲ್ಲಿ. ಸಮಯ ಉಳಿಸಲು ಮಾಸ್ಟ್ರು ಡಾರ್ಕ್ ಮತ್ತು ಬಯಾಸ್ (ಬೆಳಕು ಬೀಳದಂತೆ ಮುಚ್ಚಿ ತೆಗೆಯುವ ಫ್ರೇಮುಗಳು) ಎರಡನ್ನೂ ಬಿಟ್ಟು ಫ್ಲಾಟ್ ಮಾತ್ರ ಕೊಡುತ್ತಿದ್ದರು. ಈ ಕ್ಯಾಮೆರಾದಲ್ಲಿ ಬೆಳಕೇ ಬೀಳದಿದ್ದರೂ ಪ್ರತಿ ಪಿಕ್ಸೆಲ್ ಸುಮಾರು 2048 ಎಂಬ ಅಂಕಿಯಿಂದ ಶುರುವಾಗುತ್ತದೆ. ಅದು ಆಫ್‌ಸೆಟ್, ಬೆಳಕಲ್ಲ. ಅವರ ಫ್ರೇಮಿನಲ್ಲಿ ಹಿನ್ನೆಲೆ 2600 ಇತ್ತು. ನಿಜವಾದ ಆಕಾಶ ಅದರಲ್ಲಿ 552 ಮಾತ್ರ. ಐದು ಪಾಲು ತಡೆಯುವ ಮಚ್ಚೆಯ ಕೆಳಗೆ ಆಕಾಶ 524, ಆಫ್‌ಸೆಟ್ ಸೇರಿ 2572. ಅದನ್ನು ನೇರವಾಗಿ 0.95ರಿಂದ ಭಾಗಿಸಿದರೆ 2707 ಬರುತ್ತದೆ. ಸುತ್ತಲಿನ 2600ಕ್ಕಿಂತ 107 ಹೆಚ್ಚು, ಅಂದರೆ ನಿಜವಾದ ಆಕಾಶಕ್ಕಿಂತ ಸುಮಾರು ಶೇಕಡ 19 ಪ್ರಖರ. ಆಫ್‌ಸೆಟ್ ಮೊದಲು ಕಳೆದು 524ನ್ನು 0.95ರಿಂದ ಭಾಗಿಸಿದರೆ ಸರಿಯಾಗಿ 552.

ನಾನು ಈ ಲೆಕ್ಕವನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಫ್ಲಾಟ್ ಕೆಲಸ ಮಾಡುತ್ತಿಲ್ಲ ಎಂದು ಬರುವವರಲ್ಲಿ ಬಹುಪಾಲು ಜನರ ತೊಂದರೆ ಈ ಒಂದು ಕಳೆಯುವಿಕೆಯದು, ಮತ್ತು ಬಹುಪಾಲು ಜನ ಕೈ ಹಾಕುವುದು ಸ್ವಾಬಿಗೆ.

ಸಿರಿಲ್ ತಂತ್ರಾಂಶದಲ್ಲಿ ಬಯಾಸ್ ಫೈಲಿನ ಬದಲು ‘=2048’ ಎಂದು ಅಂಕಿಯನ್ನೇ ಕೊಡಬಹುದು. ಹುಡುಗ ಹಳೆಯ ಫ್ರೇಮುಗಳನ್ನೇ ಮತ್ತೆ ಹಾಕಿ ನಡೆಸಿದ. ಸೆನ್ಸರ್ ಮೇಲಿನ ಮಚ್ಚೆಗಳಲ್ಲಿ ಒಂದೂ ಉಳಿಯಲಿಲ್ಲ. ಸ್ವಾಬ್ ಗೆರೆ ಕೂಡ ಹೋಯಿತು.

ದೊಡ್ಡ ಮಸುಕು ಕರೆ ಮಾತ್ರ ಹೋಗಲಿಲ್ಲ. ಅದಕ್ಕೆ ಕಾರಣ ಬೇರೆ: ಮಾಸ್ಟ್ರು ರಾತ್ರಿ ಎಲ್ಲ ಬಿಚ್ಚಿ ಡಿಕ್ಕಿಯಲ್ಲಿ ಹಾಕಿ, ಮಾರನೇ ಬೆಳಿಗ್ಗೆ ಮನೆಯಲ್ಲಿ ಮತ್ತೆ ಜೋಡಿಸಿ ಫ್ಲಾಟ್ ತೆಗೆಯುತ್ತಿದ್ದರು. ಕ್ಯಾಮೆರಾ ಪ್ರತಿ ಸಲ ಸ್ವಲ್ಪ ಬೇರೆ ಕೋನದಲ್ಲಿ ಕೂರುತ್ತಿತ್ತು. ಸೆನ್ಸರ್ ಮೇಲಿನ ದೂಳಿಗೆ ಇದು ಲೆಕ್ಕಕ್ಕಿಲ್ಲ, ಫ್ಲಾಟ್ನರ್ ಮೇಲಿನ ಗುರುತಿಗೆ ಇದೇ ಎಲ್ಲ. ಹಾಗಾಗಿ ಫ್ಲಾಟ್ ಅಲ್ಲಿಯೇ, ಬಿಚ್ಚುವ ಮೊದಲು, ಫೋಕಸ್ ಕದಲಿಸದೆ ತೆಗೆಯಬೇಕು ಎಂದಾಯಿತು. ಬೆಳಗಿನ ಜಾವ ನಾಲ್ಕಕ್ಕೆ, ಒದ್ದೆ ಕೈಯಲ್ಲಿ, ನಿದ್ದೆಗಣ್ಣಿನಲ್ಲಿ ಫ್ಲಾಟ್ ತೆಗೆಯಲು ಯಾರಿಗೂ ಮನಸ್ಸಿರುವುದಿಲ್ಲ. ಈ ಹವ್ಯಾಸದಲ್ಲಿ ಹಾಳಾಗುವ ಚಿತ್ರಗಳಲ್ಲಿ ಅರ್ಧ ಹಾಳಾಗುವುದು ಆ ಹೊತ್ತಿನಲ್ಲೇ.

ಅವರು ಮಕ್ಕಳು ಚಿತ್ರ ಬರೆಯಲು ಬಳಸುವ ಎಲ್‌ಇಡಿ ಟ್ರೇಸಿಂಗ್ ಪ್ಯಾಡ್ ತಂದು ಕೊಳವೆಯ ಬಾಯಿಗೆ ಇಟ್ಟರು. ಮೊದಲ ಫ್ಲಾಟುಗಳಲ್ಲಿ ಅಡ್ಡ ಪಟ್ಟಿಗಳು ಬಂದವು. ಎಕ್ಸ್‌ಪೋಶರ್ 1/400 ಸೆಕೆಂಡ್ ಇತ್ತು, ಪ್ಯಾಡಿನ ಬೆಳಕು ಅದಕ್ಕಿಂತ ನಿಧಾನವಾಗಿ ಮಿನುಗುತ್ತಿತ್ತು. ಬಿಳಿ ಪಂಚೆಯನ್ನು ಮಡಚಿ ನಡುವೆ ಹಾಕಿ ಎಕ್ಸ್‌ಪೋಶರನ್ನು ಅರ್ಧ ಸೆಕೆಂಡಿಗೆ ತಂದ ಮೇಲೆ ಪಟ್ಟಿ ಮಾಯ. ಕಲೆಯ ಅಧ್ಯಾಯ ಅಲ್ಲಿಗೆ ಮುಗಿಯಿತು, ಸೆನ್ಸರ್ ಮುಟ್ಟದೆಯೇ.

ಬಣ್ಣದ ಬೆನ್ನು ಹತ್ತಿ

ಕಲೆ ಹೋದ ಚಿತ್ರದಲ್ಲೂ ಕೃತ್ತಿಕೆ ಗುಲಾಬಿಯಾಗಿಯೇ ಇತ್ತು.

ಮಾಸ್ಟ್ರ ಎರಡನೇ ಅನುಮಾನ ದೂರದರ್ಶಕದ ಮೇಲೆ ಬಿತ್ತು. ಡಬ್ಲೆಟ್‌ಗಳಲ್ಲಿ ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ, ಇಡಿ ಗಾಜು ಇದ್ದರೂ ಸ್ವಲ್ಪ ಉಳಿಯುತ್ತದೆ. ಮೂರು ಮಸೂರದ ಟ್ರಿಪ್ಲೆಟ್ ಕೊಳ್ಳಬೇಕೆಂದು ಮನಸ್ಸು ಮಾಡಿ ಹಳೆಯದಕ್ಕೆ ಗಿರಾಕಿಯನ್ನೂ ನೋಡಿದ್ದರು. ಇದು ಪ್ರಕರಣದ ಅತ್ಯಂತ ಅಪಾಯದ ತಿರುವು, ಏಕೆಂದರೆ ಆ ವಾದ ತುಂಬ ಸರಿ ಎನಿಸುವಂತಿತ್ತು.

ನಮ್ಮಲ್ಲಿ ಒಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಡಬ್ಲೆಟ್‌ನ ದೋಷ ಸಾಮಾನ್ಯವಾಗಿ ನೀಲಿ–ನೇರಳೆ ಉಂಗುರವಾಗಿ, ಪ್ರಖರ ನೀಲಿ ನಕ್ಷತ್ರಗಳ ಸುತ್ತ ಬರುತ್ತದೆ. ಇಲ್ಲಿ ಅತಿ ಹೆಚ್ಚು ಊದಿಕೊಂಡದ್ದು ರೋಹಿಣಿ, ಅಂದರೆ ತಂಪು ನಕ್ಷತ್ರ. ದಿಗಂತದ ಬಳಿ ವಾತಾವರಣ ಬಣ್ಣಗಳನ್ನು ಬೇರ್ಪಡಿಸಿದ್ದಿರಬಹುದೇ ಎಂಬ ಮಾತೂ ಬಂತು. ಹಾಗಾಗಿದ್ದರೆ ನಕ್ಷತ್ರದ ಒಂದು ಬದಿ ಕೆಂಪು, ಎದುರು ಬದಿ ನೀಲಿ ಇರಬೇಕಿತ್ತು. ಇಲ್ಲಿ ಉಂಗುರ ಸುತ್ತಲೂ ಒಂದೇ ಸಮ. ಮೇಲಾಗಿ ಕೃತ್ತಿಕೆ ನಮ್ಮೂರಲ್ಲಿ ಸುಮಾರು 79 ಡಿಗ್ರಿ ಎತ್ತರಕ್ಕೆ ಏರುತ್ತದೆ, ಹೆಚ್ಚು ಕಡಿಮೆ ನೆತ್ತಿಯ ಮೇಲೆಯೇ.

ಫೋಟೋಮೆಟ್ರಿಕ್ ಬಣ್ಣ ಹೊಂದಾಣಿಕೆಯನ್ನೂ ನಡೆಸಿ ನೋಡಿದ್ದಾಯಿತು. ಅದು ಚಿತ್ರದಲ್ಲಿರುವ ನಕ್ಷತ್ರಗಳನ್ನು ಗುರುತು ಹಿಡಿದು, ಕ್ಯಾಟಲಾಗಿನಲ್ಲಿರುವ ಅವುಗಳ ಬಣ್ಣಕ್ಕೆ ಹೋಲಿಸಿ, ಕೆಂಪು–ಹಸಿರು–ನೀಲಿ ಚಾನೆಲ್‌ಗಳಿಗೆ ತಲಾ ಒಂದು ಗುಣಕ ಕೊಡುತ್ತದೆ. ಹಿನ್ನೆಲೆ ತಟಸ್ಥವಾಯಿತು, ನಕ್ಷತ್ರಗಳಿಗೆ ಜೀವ ಬರಲಿಲ್ಲ.

ಬೀಗ ತೆರೆದದ್ದು ಹಗಲಲ್ಲಿ. ಹುಡುಗ ಆ ಕ್ಯಾಮೆರಾಕ್ಕೆ ಕಿಟ್ ಲೆನ್ಸ್ ಹಾಕಿ ಸುಮ್ಮನೆ ಅಂಗಳದ ಒಂದು ಫೋಟೋ ತೆಗೆದಿದ್ದ. ವೈಟ್ ಬ್ಯಾಲೆನ್ಸನ್ನು ಬಿಳಿ ಗೋಡೆಗೆ ಹೊಂದಿಸಿಯೂ ಇದ್ದ.

“ಮಾವ, ಗೋಡೆ ಬೆಳ್ಳಗೇ ಉಂಟು. ತೆಂಗಿನ ಗರಿ ಎಂತಕ್ಕೆ ಹಸುರು ಇಲ್ಲ?”

ಗರಿ, ಬಾಳೆ ಎಲೆ, ಹುಲ್ಲು ಎಲ್ಲ ಬಿಳಿಚಿಕೊಂಡ ಗುಲಾಬಿ. ಎಲೆಗಳು ನಮ್ಮ ಕಣ್ಣಿಗೆ ಕಾಣದ ಸಮೀಪದ ಅವಕೆಂಪು (ಇನ್ಫ್ರಾರೆಡ್) ಬೆಳಕನ್ನು ಜೋರಾಗಿ ಪ್ರತಿಫಲಿಸುತ್ತವೆ. ಕ್ಯಾಮೆರಾಕ್ಕೆ ಅದು ಕಾಣುತ್ತಿದೆ ಎಂದರೆ ಅದನ್ನು ತಡೆಯುವುದು ಒಳಗೆ ಏನೂ ಇಲ್ಲ. ಖಾತ್ರಿಗೆ ಟಿವಿ ರಿಮೋಟನ್ನು ಲೆನ್ಸಿನ ಎದುರು ಹಿಡಿದು ಗುಂಡಿ ಒತ್ತಿಸಿದೆವು. ಮಾಮೂಲಿ ಡಿಎಸ್‌ಎಲ್‌ಆರ್‌ನ ಲೈವ್ ವ್ಯೂನಲ್ಲಿ ರಿಮೋಟಿನ ಬಲ್ಬು ಕಾಣುವುದೇ ಕಷ್ಟ. ಇಲ್ಲಿ ಟಾರ್ಚ್ ಹಾಕಿದ ಹಾಗೆ ಬೆಳಗಿತು.

ಮಾಡಿಫೈ ಮಾಡುವುದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಹೈಡ್ರೋಜನ್ ಆಲ್ಫಾ ತಡೆಯುವ ಗಾಜನ್ನು ಮಾತ್ರ ತೆಗೆದು, ಅವಕೆಂಪು ತಡೆಯುವುದನ್ನು ಉಳಿಸುತ್ತಾರೆ. ಇನ್ನೊಂದರಲ್ಲಿ ಎಲ್ಲವನ್ನೂ ತೆಗೆದು ಕ್ಯಾಮೆರಾವನ್ನು ಫುಲ್ ಸ್ಪೆಕ್ಟ್ರಮ್ ಮಾಡುತ್ತಾರೆ. ಮಾಸ್ಟ್ರ ಕೈಗೆ ಬಂದದ್ದು ಎರಡನೆಯದು. ಮಾರಿದವರು ಸುಳ್ಳು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ.

ಇದರಿಂದ ಎಲ್ಲ ಲಕ್ಷಣಗಳೂ ಒಟ್ಟಿಗೆ ಬಿಡಿಸಿಕೊಂಡವು. ಸೆನ್ಸರಿನ ಪಿಕ್ಸೆಲ್‌ಗಳ ಮೇಲಿನ ಬಣ್ಣದ ಲೇಪ 700ರಿಂದ 800 ನ್ಯಾನೋಮೀಟರ್ ನಡುವೆ ಮುಖ್ಯವಾಗಿ ಕೆಂಪು ಪಿಕ್ಸೆಲ್‌ನಲ್ಲಿ ಬೆಳಕು ಬಿಡುತ್ತದೆ. ಗುಲಾಬಿ ಬಂದದ್ದು ಅಲ್ಲಿಂದ. ಅದರಾಚೆ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಸಮನಾಗಿ ಅವಕೆಂಪನ್ನು ಒಳಗೆ ಬಿಡುತ್ತವೆ, ಮೂರಕ್ಕೂ ಸಮನಾಗಿ ಸೇರಿದ ಬೆಳಕು ಬಣ್ಣವನ್ನು ತೆಳುವಾಗಿಸಿ ಬಿಳಿ ಮಾಡುತ್ತದೆ. ತಂಪು ನಕ್ಷತ್ರಗಳಲ್ಲಿ ಅವಕೆಂಪಿನ ಪಾಲು ಹೆಚ್ಚು, ಹಾಗಾಗಿ ರೋಹಿಣಿಗೆ ಏಟು ಜಾಸ್ತಿ. ಕಾಣುವ ಬೆಳಕಿಗಾಗಿ ರೂಪಿಸಿದ ಡಬ್ಲೆಟ್ ಅವಕೆಂಪನ್ನು ಅದೇ ಬಿಂದುವಿಗೆ ತರುವುದಿಲ್ಲ, ಅದು ಸುತ್ತ ಉಂಗುರವಾಗಿ ಹರಡುತ್ತದೆ. ಬಣ್ಣ ಹೊಂದಾಣಿಕೆ ಸೋತದ್ದೂ ಇದಕ್ಕೇ. ಪ್ರತಿ ನಕ್ಷತ್ರಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತ ಬೆಳಕನ್ನು ಮೂರೇ ಗುಣಕಗಳಿಂದ ಬೇರ್ಪಡಿಸಲು ಆಗುವುದಿಲ್ಲ.

ಬೇಕಾದದ್ದು ಹೊಸ ದೂರದರ್ಶಕ ಅಲ್ಲ, ಎರಡು ಇಂಚಿನ ಒಂದು ಯುವಿ–ಐಆರ್ ಕಟ್ ಫಿಲ್ಟರ್ (ಅತಿನೇರಳೆ, ಅವಕೆಂಪು ಎರಡನ್ನೂ ತಡೆಯುವ ಗಾಜು). ಸುಮಾರು 400ರಿಂದ 700 ನ್ಯಾನೋಮೀಟರ್ ಮಾತ್ರ ಬಿಡುವಂಥದ್ದು. 656.3 ಅದರೊಳಗೇ ಬರುವುದರಿಂದ ನೀಹಾರಿಕೆಯ ಕೆಂಪಿಗೆ ಧಕ್ಕೆ ಇಲ್ಲ. ಗಿರಾಕಿಗೆ ಫೋನ್ ಮಾಡಿ ಇಲ್ಲ ಎಂದರು.

ಫಿಲ್ಟರ್ ಹಾಕಿದ ಮೇಲೆ

ಫಿಲ್ಟರನ್ನು ಫ್ಲಾಟ್ನರ್ ಮತ್ತು ಕ್ಯಾಮೆರಾದ ನಡುವೆ ತಿರುಗಿಸಿ ಕೂರಿಸಿದರು. ಮೊದಲ ರಾತ್ರಿ ಚಿತ್ರದ ಮೂಲೆಗಳಲ್ಲಿ ನಕ್ಷತ್ರಗಳು ತುಸು ಉದ್ದವಾದವು. ಗಾಜು ತನ್ನ ದಪ್ಪದ ಸುಮಾರು ಮೂರನೇ ಒಂದು ಪಾಲಿನಷ್ಟು ಫೋಕಸನ್ನು ಹಿಂದೆ ತಳ್ಳುತ್ತದೆ. 2 ಮಿಲಿಮೀಟರ್ ಗಾಜಿಗೆ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ, ಆದರೆ ಫ್ಲಾಟ್ನರಿಗೆ ಅಷ್ಟು ಸಾಕು. ತೆಳು ಸ್ಪೇಸರ್ ಉಂಗುರ ಸೇರಿಸಿದ್ದಾಯಿತು. ಹಳೆಯ ಫ್ಲಾಟುಗಳೂ ಅಲ್ಲಿಗೆ ಕೆಲಸಕ್ಕೆ ಬಾರದವಾದವು, ಏಕೆಂದರೆ ಬೆಳಕಿನ ದಾರಿಯಲ್ಲಿ ದೂಳು ಕೂರಲು ಎರಡು ಹೊಸ ಮುಖಗಳು ಬಂದವು.

ಗುಲಾಬಿ ಉಂಗುರ ಹೋಗಿತ್ತು. ಚಿಕ್ಕ ನಕ್ಷತ್ರಗಳಲ್ಲಿ ಕಿತ್ತಳೆ, ಹಳದಿ, ತಿಳಿನೀಲಿ ಬೇರೆ ಬೇರೆಯಾಗಿ ಕಂಡವು. ಪ್ರಖರ ನಕ್ಷತ್ರಗಳ ನಡು ಮಾತ್ರ ಇನ್ನೂ ಬಿಳಿ.

ಇದು ನಾಲ್ಕನೆಯ, ಸ್ವತಂತ್ರ ಕಾರಣ. 14 ಬಿಟ್ ಫೈಲಿನಲ್ಲಿ ಪಿಕ್ಸೆಲ್ ಏರಬಹುದಾದ ಗರಿಷ್ಠ ಅಂಕಿ 16383ರ ಆಸುಪಾಸು. ಐಎಸ್‌ಒ 1600ರಲ್ಲಿ (ಇದು ಕ್ಯಾಮೆರಾದ ಸಂವೇದನೆಯ ಮಟ್ಟ) 120 ಸೆಕೆಂಡ್ ತೆರೆದಿಟ್ಟರೆ ಬರಿಗಣ್ಣಿಗೆ ಕಾಣುವ ಕೃತ್ತಿಕೆಗಳಷ್ಟೇ ಅಲ್ಲ, ಬೈನಾಕ್ಯುಲರಿಗೆ ಮಾತ್ರ ಕಾಣುವ ಸಾಕಷ್ಟು ನಕ್ಷತ್ರಗಳೂ ಅಲ್ಲಿಗೆ ಮುಟ್ಟಿ ನಿಲ್ಲುತ್ತವೆ. ಮೂರು ಚಾನೆಲ್‌ಗಳೂ ಮಿತಿ ಮುಟ್ಟಿದ ಮೇಲೆ ಅಲ್ಲಿ ಬಣ್ಣದ ಮಾಹಿತಿಯೇ ಇಲ್ಲ, ಯಾವ ತಂತ್ರಾಂಶವೂ ಅದನ್ನು ತರಲಾರದು.

ಮಾಸ್ಟ್ರಿಗೆ ಇಲ್ಲಿ ಆಯ್ಕೆ ಇತ್ತು. ಎಲ್ಲ ಫ್ರೇಮುಗಳ ಅವಧಿ ಇಳಿಸಿದರೆ ಕೃತ್ತಿಕೆಯ ಸುತ್ತಲಿನ ನೀಲಿ ದೂಳಿನ ಮೋಡ ಗದ್ದಲದಲ್ಲಿ (ನಾಯ್ಸ್, ಚಿತ್ರದ ಕಾಳುಕಾಳು) ಮುಳುಗುತ್ತದೆ. ಅವರು ಉದ್ದ ಫ್ರೇಮುಗಳನ್ನು ಐಎಸ್‌ಒ 800ಕ್ಕೆ ಇಳಿಸಿ ಉಳಿಸಿಕೊಂಡರು, ಜೊತೆಗೆ ಐಎಸ್‌ಒ 200ರಲ್ಲಿ 2 ಸೆಕೆಂಡಿನ ಒಂದು ಕಂತು ತೆಗೆದು, ನಕ್ಷತ್ರಗಳ ನಡುಭಾಗವನ್ನು ಅದರಿಂದ ತಂದು ಸೇರಿಸಿದರು. ಅತಿ ಪ್ರಖರವಾದ ಒಂದೆರಡರ ನಡು ಆಗಲೂ ಬಿಳಿಯೇ ಇತ್ತು. ಅವುಗಳ ಅಂಚಿನಲ್ಲಿ ಬಣ್ಣ ಇತ್ತು, ಅದನ್ನು ಉಳಿಸಿಕೊಳ್ಳಲು ಸ್ಟ್ರೆಚ್ ಮಾಡುವ ವಿಧಾನ ಬದಲಿಸಬೇಕಾಯಿತು. ಮೂರು ಚಾನೆಲ್‌ಗಳ ಅನುಪಾತವನ್ನು ಕಾಯುವ ಆರ್ಕ್‌ಸೈನ್‌ಎಚ್ ಸ್ಟ್ರೆಚ್‌ನಲ್ಲಿ ಬಣ್ಣ ನಿಲ್ಲುತ್ತದೆ. ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಎಳೆದರೆ ಮೂರೂ ಮೇಲೆ ಹೋಗಿ ಬಿಳಿಯಲ್ಲಿ ಸೇರುತ್ತವೆ. ಕ್ರಮವೂ ಮುಖ್ಯ: ಮೊದಲು ಹಿನ್ನೆಲೆಯ ಏರಿಳಿತ ತೆಗೆಯುವುದು, ಆಮೇಲೆ ಬಣ್ಣ ಹೊಂದಾಣಿಕೆ, ಆಮೇಲೆ ಸ್ಟ್ರೆಚ್.

ಬೇರೆಯವರು ಎತ್ತಿಕೊಳ್ಳಬಹುದಾದ್ದು

ಈ ಪ್ರಕರಣದಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಒಂದೇ ಚಿತ್ರದಲ್ಲಿ ಕೂಡಿದ್ದವು: ಕಳೆಯದ ಆಫ್‌ಸೆಟ್, ಫ್ಲಾಟ್ನರ್ ಮೇಲಿನ ಗುರುತು, ಅವಕೆಂಪು, ಮಿತಿ ಮುಟ್ಟಿದ ನಕ್ಷತ್ರಗಳು. ಒಂದೇ ಕಾರಣ ಹುಡುಕುತ್ತಿದ್ದಷ್ಟು ದಿನ ಯಾವುದೂ ಸಿಗಲಿಲ್ಲ. ದೋಷ ಎಷ್ಟು ಕೆಟ್ಟದಾಗಿದೆ ಎಂಬುದಕ್ಕಿಂತ ಅದರ ಆಕಾರ ಹೇಗಿದೆ, ಏನು ತಿರುಗಿಸಿದರೆ ಅದು ಕದಲುತ್ತದೆ, ಯಾವ ನಕ್ಷತ್ರಕ್ಕೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂಬ ಪ್ರಶ್ನೆಗಳು ಉತ್ತರದ ಹತ್ತಿರ ಒಯ್ದವು. ಉಪಯೋಗಕ್ಕೆ ಬಂದ ಪರೀಕ್ಷೆಗಳೆಲ್ಲ ಪುಕ್ಕಟೆ: ಕ್ಯಾಮೆರಾ ತಿರುಗಿಸುವುದು, ಪಿಕ್ಸೆಲ್ ಎಣಿಸುವುದು, ತೆಂಗಿನ ಗರಿ, ಟಿವಿ ರಿಮೋಟ್. ದುಡ್ಡು ಹೋದದ್ದು ಪರೀಕ್ಷೆ ಮಾಡದೆ ಕೊಂಡ ಸ್ವಾಬ್‌ಗಳಿಗೆ.

ಬಣ್ಣ ಸರಿಯಾಗಿದೆಯೇ ಎಂದು ನೋಡಲು ಈಗ ಅವರು ಬಳಸುವುದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜವನ್ನು. ಆರ್ದ್ರಾ ಸುಮಾರು 3500 ಕೆಲ್ವಿನ್, ರೈಜೆಲ್ ಸುಮಾರು 12000. ಎರಡಕ್ಕೂ ಒಂದೊಂದು ಕಿರು ಫ್ರೇಮ್ ತೆಗೆದು, ಒಂದೇ ಸಂಸ್ಕರಣೆಯಲ್ಲಿ ಒಂದು ಕಿತ್ತಳೆ, ಇನ್ನೊಂದು ನೀಲಿ ಬಂದರೆ ಮುಂದಿನ ಕೆಲಸ. ಚಿತ್ರದಲ್ಲಿ ಹಸಿರು ನಕ್ಷತ್ರ ಕಂಡರೆ ಸಂಸ್ಕರಣೆಯಲ್ಲೇ ಎಡವಟ್ಟಾಗಿದೆ ಎಂದು ಲೆಕ್ಕ, ಏಕೆಂದರೆ ಯಾವ ಉಷ್ಣತೆಯಲ್ಲೂ ನಕ್ಷತ್ರದ ಒಟ್ಟು ಬೆಳಕು ಹಸಿರಾಗಿ ಕಾಣುವುದಿಲ್ಲ.

ಫ್ಲಾಟ್ನರ್ ಮೇಲಿನ ಗುರುತನ್ನು ಅವರು ಇನ್ನೂ ಒರೆಸಿಲ್ಲ. ಸ್ಥಳದಲ್ಲೇ ತೆಗೆದ ಫ್ಲಾಟ್ ಅದನ್ನು ಪೂರ್ತಿ ಅಳಿಸುತ್ತಿರುವಾಗ ಲೇಪವಿರುವ ಗಾಜನ್ನು ಉಜ್ಜುವ ಅಗತ್ಯ ನಮಗೂ ಕಾಣಲಿಲ್ಲ. ಮಳೆಗಾಲಕ್ಕೆ ಕ್ಯಾಮೆರಾ ಮತ್ತು ಫ್ಲಾಟ್ನರ್ ಎರಡೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಹೋಗುತ್ತವೆ. ಕೃತ್ತಿಕೆಯ ಪ್ರಖರ ನಕ್ಷತ್ರಗಳ ಸುತ್ತ ಈಗ ಕೂದಲೆಳೆಯ ನೇರಳೆ ಅಂಚು ಉಳಿದಿದೆ. ಅದು ನಿಜಕ್ಕೂ ಡಬ್ಲೆಟ್‌ನದು. ಅದನ್ನು ತಂತ್ರಾಂಶದಲ್ಲಿ ಅಳಿಸೋಣ ಎಂದು ಅಳಿಯ, ಬೇಡ ಎಂದು ಮಾವ. ಆ ಜಗಳ ಇನ್ನೂ ನಡೆಯುತ್ತಿದೆ.